ಇನ್ನೂ ಗೊತ್ತಿಲ್ಲ ಎನ್ನುತ್ತಿದ್ದ ಮೇಡಂ

ಎಲೆಕ್ಟ್ರಾನಿಕ್ ಸಿಟಿಯ ಲ್ಯಾಬಿನಲ್ಲಿ ಮರೆವಿನ ಕಾಯಿಲೆಗೂ ತಿನ್ನುವ ಊಟಕ್ಕೂ ಏನು ಸಂಬಂಧ ಎಂದು ಹುಡುಕುತ್ತಿದ್ದ ವಿಜ್ಞಾನಿ ಮೇಡಂ, ಏನೇ ಕೇಳಿದರೂ ಕನ್ನಡಕವನ್ನು ಹಣೆಗೇರಿಸಿ, "ಇನ್ನೂ ಗೊತ್ತಿಲ್ಲ ಕಣಪ್ಪ" ಎನ್ನುತ್ತಿದ್ದರು. ಅವರ ಇಲಿಗಳಿಗೆ ಆಹಾರ ತೂಗಿ ಹಾಕುವ ಕೆಲಸ ನನ್ನದು. ನಮ್ಮ ವಂಶದಲ್ಲೇ ಡಿಗ್ರಿ ಪಡೆದ ಮೊದಲಿಗ ನಾನು; ಆ ಹೆಮ್ಮೆ ಈಗಲೂ ಇದೆ. ಸಿಹಿ ತಿಂದ ಇಲಿಗಳು ಕಲಿತ ದಾರಿಯನ್ನು ಮರೆಯುವುದನ್ನು ನೋಡಿ, ಮರೆವು ಹಿಡಿದಿದ್ದ ನನ್ನ ಅವ್ವನಿಗೆ ಬೆಲ್ಲವನ್ನೇ ನಿಲ್ಲಿಸಿಬಿಟ್ಟೆ.

ವಿಷಯ ತಿಳಿದು ಮೇಡಂ ಗಾಬರಿಯಾದರು. "ಇಲಿ ಬೇರೆ, ನಿಮ್ಮಮ್ಮ ಬೇರೆ ಕಣಪ್ಪ!"

"ಹಾಗಾದ್ರೆ ಕೊಡ್ಲಾ ಮೇಡಂ?"

"ಇನ್ನೂ ಗೊತ್ತಿಲ್ಲ."

ಯುಗಾದಿಗೆ ಅವರನ್ನು ಬೇಗೂರಿನ ನಮ್ಮ ಮನೆಗೆ ಊಟಕ್ಕೆ ಕರೆದೆ. ಅವ್ವ ಅವರ ಎಲೆಗೆ ಒಬ್ಬಟ್ಟು ಹಾಕಿ ತುಪ್ಪ ಸುರಿದಳು. ತಿಂದು ಮುಗಿಸುವಷ್ಟರಲ್ಲಿ ಮತ್ತೆ ಬಂದು, "ಅಯ್ಯೋ, ನಿಂಗಿನ್ನೂ ಒಬ್ಬಟ್ಟೇ ಇಕ್ಕಿಲ್ವಲ್ಲ ತಾಯಿ" ಎಂದಳು. ಮೇಡಂ ಅದನ್ನೂ ತಿಂದರು. ಮೂರನೆಯ ಸಲ ಬಂದಾಗ ನಾನು ತಡೆದೆ.

"ಆಗ್ಲೇ ಇಕ್ಕಿದ್ಯಲ್ಲವ್ವ!"

"ಇಲ್ಲಪ್ಪ, ಇನ್ನೂ ಬಡಿಸಿಲ್ಲ" ಎಂದು ಮೇಡಂ ಎಲೆಯನ್ನು ಮುಂದಕ್ಕೆ ಸರಿಸಿದರು. ಯಾವುದನ್ನೂ ಖಚಿತವಾಗಿ ಹೇಳದವರು ಅದೊಂದನ್ನು ಮಾತ್ರ ಅನುಮಾನವೇ ಇಲ್ಲದಂತೆ ಹೇಳಿದರು.

ಅವ್ವನ ಮುಖ ಅರಳಿತು. "ನೋಡ್ದಾ? ಓದಿದ್ದು ಜಾಸ್ತಿಯಾಗಿ ನಿಂಗೇ ಮರೆವು ಕಣ್ಲಾ!"

ಹೊರಡುವಾಗ ಚಪ್ಪಲಿ ಮೆಟ್ಟುತ್ತಿದ್ದ ಮೇಡಂ ಅವರನ್ನು, ಅವ್ವನಿಗೆ ಸಿಹಿ ಕೊಡಬಹುದೇ ಎಂದು ಮತ್ತೆ ಕೇಳಿದೆ. "ಇನ್ನೂ ಗೊತ್ತಿಲ್ಲ ಕಣಪ್ಪ" ಎಂದರು.

ಒಳಗೆ ಬಂದರೆ ಅವ್ವ ಕೇಳಿದಳು: "ಮಗಾ, ನಾನು ಒಬ್ಬಟ್ಟು ತಿಂದ್ನಾ?"

ತಿಂದಿದ್ದಳು. ಹಬ್ಬವೆಂದು ನಾನೇ ಒಂದು ಕೊಟ್ಟಿದ್ದೆ. "ಇನ್ನೂ ಇಲ್ಲ ಕಣವ್ವ" ಎಂದು ಒಬ್ಬಟ್ಟಿನ ಡಬ್ಬಿಯ ಮುಚ್ಚಳ ತೆಗೆದೆ.