ಐ-ಎನ್-ಜಿ ಮನೆಯವರು

ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು, ಅದು ಉಕ್ಕುವಷ್ಟರಲ್ಲಿ ಫೋನಿನಲ್ಲಿ ಪದದಾಟ ಮುಗಿಸುವುದು ನನ್ನ ಚಟ. ಎಷ್ಟು ಸಲ ಹಾಲು ಉಕ್ಕಿ ಹೋಗಿದೆ ಎಂದು ಮಾತ್ರ ಕೇಳಬೇಡಿ. ಏಳು ಇಂಗ್ಲಿಷ್ ಅಕ್ಷರಗಳನ್ನು ಕಲಸಿ ಕೊಡುತ್ತಾರೆ, ನಾವು ಪದ ಕಟ್ಟಬೇಕು. ಮಂಡ್ಯದ ನಮ್ಮ ಬೀದಿಯಲ್ಲಿ ಐದಾರು ಹೆಂಗಸರು ಇದನ್ನು ಆಡುತ್ತೇವೆ. ಮೊನ್ನೆ ಬಂದ ಏಳರಲ್ಲಿ ಐ, ಎನ್, ಜಿ ಮೂರೂ ಇದ್ದವು. ಅವನ್ನೆತ್ತಿ ಕೊನೆಗಿಟ್ಟೆ. ಉಳಿದ ನಾಲ್ಕನ್ನು ಒಮ್ಮೆ ನೋಡಿದ್ದೇ ತಡ, ‘ಹೌಸಿಂಗ್’ ಸಿಕ್ಕಿತು. ಎದುರುಮನೆಯ ರೇಣುಕಾ ಮಿಸ್ಸು ಕೆಲಸದಲ್ಲಿದ್ದಷ್ಟು ಕಾಲವೂ ಇಂಗ್ಲಿಷ್ ಪಾಠ ಮಾಡಿದವರು. ಅವರಿಗೆ ಅದು ಸಿಕ್ಕಿರಲಿಲ್ಲ. ಗೇಟಿನ ಹತ್ತಿರ ನಿಂತು, “ನೀವು ಕಾನ್ವೆಂಟಲ್ಲಿ ಓದಿದ್ದಾ?” ಎಂದರು. ನಾನು ನಕ್ಕು ಸುಮ್ಮನಾದೆ. ಹೀಗೆ ನಕ್ಕು ಸುಮ್ಮನಾಗುವುದರಲ್ಲಿ ನನ್ನದು ಪಳಗಿದ ಕೈ.

ನಾನು ಓದಿದ್ದು ಮಳವಳ್ಳಿಯ ಸರ್ಕಾರಿ ಹೈಸ್ಕೂಲಿನಲ್ಲಿ, ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿ. ಈ ಪದ ಕಟ್ಟುವ ವಿದ್ಯೆ ಕಲಿಸಿದ್ದು ಶಾಲೆಯಲ್ಲ, ನಮ್ಮಪ್ಪ. ಅಪ್ಪ ಓದಿದ್ದು ನಾಲ್ಕನೇ ಕ್ಲಾಸು, ಅದೂ ಕನ್ನಡ. ಶಿವನಸಮುದ್ರದ ಪವರ್‌ಹೌಸಿನಲ್ಲಿ ಅವನ ಕೆಲಸ ಮಿಷನ್ನುಗಳನ್ನು ಒರಸುವುದು. ಹಳೆಯ ಕಾಲದ ಮಿಷನ್ನುಗಳು. ಒಂದೊಂದಕ್ಕೂ ಹಿತ್ತಾಳೆಯ ಪಟ್ಟಿಗಳು, ಪಟ್ಟಿಯ ಮೇಲೆ ಉಬ್ಬಿದ ಇಂಗ್ಲಿಷ್ ಅಕ್ಷರಗಳು. ಎಣ್ಣೆ ಹೋಗಿ ಹೊಳಪು ಬರುವ ತನಕ ತಿಕ್ಕಬೇಕು. ತಿಕ್ಕುತ್ತಾ ತಿಕ್ಕುತ್ತಾ ಅಕ್ಷರಗಳು ಬಟ್ಟೆಯೊಳಗಿಂದಲೇ ಅವನ ಬೆರಳಿಗೆ ಪರಿಚಯವಾದವು. “ಇದೇನಂತ ಓದಾದು ಸಾ?” ಎಂದು ಕಂಡವರನ್ನೆಲ್ಲ ಕೇಳಿ ಕೇಳಿ, ಇಡೀ ಪವರ್‌ಹೌಸನ್ನು ಬಾಯಿಪಾಠ ಮಾಡಿಕೊಂಡ.

ಮನೆಗೆ ಬಂದು ಕೈಕಾಲು ತೊಳೆದವನೇ ಬಾಗಿಲ ಮುಂದಿನ ಗಾರೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಆ ಪಟ್ಟಿಗಳ ಪದಗಳನ್ನು ಬರೆಯುತ್ತಿದ್ದ. ಬರೆಯುವುದಕ್ಕೂ ಅವನದೇ ಒಂದು ಕ್ರಮ. ಬೇರಿಂಗ್, ಕಪ್ಲಿಂಗ್, ವೈಂಡಿಂಗ್, ಹೌಸಿಂಗ್ ಒಂದು ಸಾಲು. ವಾಟರ್, ಪವರ್, ಮೀಟರ್ ಇನ್ನೊಂದು. “ಇವೆಲ್ಲ ಐ-ಎನ್-ಜಿ ಮನೇವು ಕಣವ್ವ, ಅವು ಇ-ಆರ್ ಮನೇವು. ಬಾಲ ಇಡ್ಕೊಂಡ್ರೆ ತಲೆ ತಾನೇ ಸಿಗ್ತದೆ” ಎನ್ನುತ್ತಿದ್ದ. ವಾಲ್ವ್ ಮಾತ್ರ ಯಾವ ಮನೆಗೂ ಸೇರದೆ ಒಂಟಿಯಾಗಿ ಮೂಲೆಯಲ್ಲಿ ಇರುತ್ತಿತ್ತು. ಅದರ ಮೇಲೆ ಅಪ್ಪನಿಗೆ ಒಂಚೂರು ಕನಿಕರ.

ಇನ್ನೊಂದು ವಿಷಯ ಹೇಳಲೇಬೇಕು. ಪಟ್ಟಿಗಳ ಮೇಲಿದ್ದವು ಬರೀ ದೊಡ್ಡಕ್ಷರ, ಹಾಗಾಗಿ ಅಪ್ಪನಿಗೆ ಚಿಕ್ಕಕ್ಷರ ಒಂದೂ ಗೊತ್ತಿರಲಿಲ್ಲ. ಒಮ್ಮೆ ನನ್ನ ಇಂಗ್ಲಿಷ್ ಪುಸ್ತಕ ತೆಗೆದು ಪುಟ ತಿರುವಿ ತಿರುವಿ ನೋಡಿ, “ಇದ್ಯಾವ ಬಾಸೆ ಕಣವ್ವಾ?” ಎಂದ. ನಾನು ಬಿದ್ದು ಬಿದ್ದು ನಕ್ಕೆ. ಆಗ ನಾನು ಒಂಬತ್ತನೇ ಕ್ಲಾಸು. ಜಗತ್ತಿನಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ.

ಆ ವರ್ಷ ನಾವಿದ್ದ ಪವರ್‌ಹೌಸಿನ ಕ್ವಾರ್ಟರ್ಸಿಗೆ ಹೊಸ ಆಫೀಸರರ ಸಂಸಾರ ಮೈಸೂರಿನಿಂದ ಬಂತು. ಅವರ ಮಗಳು ಸ್ಮಿತಾ ನನ್ನ ವಾರಿಗೆಯವಳು. ನಿಮ್ಮಪ್ಪ ಏನು ಮಾಡುತ್ತಾರೆ ಎಂದು ಅವಳು ಕೇಳಿದಾಗ ನನ್ನ ಬಾಯಿಂದ ‘ಆಪರೇಟರ್’ ಎಂದು ಬಂದುಬಿಟ್ಟಿತು. ಸುಳ್ಳು ಹೇಳುವುದೇ ಆದರೆ ಚೀಫ್ ಇಂಜಿನಿಯರ್ ಅನ್ನಬಹುದಿತ್ತು. ಅಷ್ಟು ಧೈರ್ಯ ಇರಲಿಲ್ಲ. ಸ್ಮಿತಾಳ ಮನೆಯಲ್ಲಿ ಅಕ್ಷರದ ಬಿಲ್ಲೆ ಜೋಡಿಸಿ ಪದ ಕಟ್ಟುವ ಆಟವಿತ್ತು. ಒಂದು ಭಾನುವಾರ ಮಧ್ಯಾಹ್ನ ನಮ್ಮ ಮನೆಗೇ ಬಂದು, “ನಾನೂ ಅಮ್ಮನೂ ಒಂದು ಕಡೆ, ನೀನೂ ನಿಮ್ಮಪ್ಪನೂ ಒಂದು ಕಡೆ. ಕರ್ಕೊಂಡು ಬಾ” ಎಂದಳು. ಅಪ್ಪನಿಗೆ ಹುಷಾರಿಲ್ಲ ಎನ್ನೋಣವೆಂದರೆ ಅಪ್ಪ ಅಲ್ಲೇ ಬೇಲಿ ಕಟ್ಟುತ್ತಾ ನಿಂತಿದ್ದ. “ಅದ್ಕೇನು, ಬತ್ತೀನಿ ನಡಿ” ಎಂದು ಒಗೆದ ಅಂಗಿ ಹಾಕಿಕೊಂಡೇಬಿಟ್ಟ.

ಬಿಲ್ಲೆಗಳನ್ನು ಕಂಡದ್ದೇ ಅಪ್ಪನ ಮುಖ ಅರಳಿತು. ಎಲ್ಲವೂ ದೊಡ್ಡಕ್ಷರ. ಸ್ಮಿತಾಳ ಅಮ್ಮ ‘ಲೆಟ್’ ಎಂದು ಮೂರು ಅಕ್ಷರ ಇಟ್ಟರು. ಅಪ್ಪ ಅದರ ಮುಂದೆ ಮೂರು ಬಿಲ್ಲೆ ಸರಿಸಿ ‘ಔಟ್‌ಲೆಟ್’ ಮಾಡಿದ. ಸ್ಮಿತಾ ‘ರಿಂಗ್’ ಇಟ್ಟಳು. ಅಪ್ಪ ಮುಂದಕ್ಕೆ ಬಿ, ಇ, ಎ ಸೇರಿಸಿದ. ಅದು ‘ಬೇರಿಂಗ್’ ಆಯಿತು. ಮಗಳು ನಾನು ಇಟ್ಟದ್ದು ‘ಕ್ಯಾಟ್’. ಕೊನೆಗೆ ಎಂಟು ಅಂಕದಿಂದ ಸೋತೆವು, ಅದಕ್ಕೆ ಪೂರ್ತಿ ಕಾರಣ ನಾನೇ.

“ಎಷ್ಟು ಚೆನ್ನಾಗಿ ಆಡ್ತೀರಿ ಅಂಕಲ್” ಎಂದಳು ಸ್ಮಿತಾ. “ಆಪರೇಟರ್ ಅಲ್ವಾ, ದಿನಾ ಇಂಗ್ಲಿಷೇ ನೋಡ್ತಿರ್ತೀರಿ.”

ಅಪ್ಪ ನನ್ನ ಕಡೆ ಒಮ್ಮೆ ನೋಡಿದ. ಒಂದೇ ಸಲ. ಆಮೇಲೆ ಅವಳಿಗೆ ಹೇಳಿದ: “ಆಪರೇಟ್ರು ಮೀಟ್ರು ಮುಳ್ಳು ನೋಡ್ಬೇಕು ಕಣವ್ವ, ಅವ್ರಿಗೆ ಅಕ್ಸರ ನೋಡಾಕೆ ಎಲ್ಲೈತೆ ಪುರುಸೊತ್ತು? ಅಕ್ಸರ ನೋಡಾನು ನಾನು. ನಾನು ಒರಸಾನು.”

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಸ್ಮಿತಾಳ ಅಮ್ಮ ಏನೂ ಆಗದವರಂತೆ ಎದ್ದು ಹೋಗಿ ಅಪ್ಪನಿಗೆ ಇನ್ನೊಂದು ಲೋಟ ಕಾಫಿ ತಂದುಕೊಟ್ಟರು. ದಾರಿಯುದ್ದಕ್ಕೂ ಅಪ್ಪ ಬೇರಿಂಗಿನ ಮಾತೇ ಆಡಿದ. ನನ್ನ ಸುಳ್ಳಿನ ಸುದ್ದಿ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಮದುವೆಯಾದೆ, ಮಂಡ್ಯಕ್ಕೆ ಬಂದೆ, ಮಕ್ಕಳನ್ನು ಬೆಳೆಸಿದೆ. ಆ ಮಾತು ಅಲ್ಲೇ ಉಳಿಯಿತು.

ಮೊನ್ನೆಯ ‘ಹೌಸಿಂಗ್’ ಆದಮೇಲೆ ರೇಣುಕಾ ಮಿಸ್ಸು ನನ್ನನ್ನು ಬಿಡಲಿಲ್ಲ. ರಜೆಯಲ್ಲಿ ಬೀದಿಯ ಮಕ್ಕಳಿಗೆ ಪದದಾಟ ಕಲಿಸಿ ಎಂದು ಎಳೆದುಕೊಂಡು ಹೋದರು. ಅವರ ವರಾಂಡದ ಬೋರ್ಡಿನ ಮೇಲೆ ನಾನು ಐ-ಎನ್-ಜಿ ಮನೆಯವರನ್ನು ಒಂದು ಕಡೆ, ಇ-ಆರ್ ಮನೆಯವರನ್ನು ಇನ್ನೊಂದು ಕಡೆ ಬರೆದೆ. ಇದನ್ನು ಯಾರು ಕಲಿಸಿದ್ದು ಎಂದು ಒಂದು ಹುಡುಗಿ ಕೇಳಿದಳು. ಈ ಸಲ ನಾನು ನಕ್ಕು ಸುಮ್ಮನಾಗಲಿಲ್ಲ. ಹೇಳಿದೆ. ಹೇಳುತ್ತಾ ನನ್ನ ಬೆನ್ನು ನೆಟ್ಟಗಾಯಿತು. ಇಂಥ ಅಪ್ಪನ ಮಗಳು ನಾನು ಎಂದು ಅಷ್ಟು ಹೆಮ್ಮೆಯಾಯಿತು ನನಗೆ.

ಮನೆಗೆ ಬಂದು ಫೋನು ಮಾಡಿದೆ. ಅಪ್ಪ ಈಗ ಮಳವಳ್ಳಿಯಲ್ಲಿ ನನ್ನ ತಮ್ಮನ ಮನೆಯಲ್ಲಿದ್ದಾನೆ. ಕಿವಿ ಸ್ವಲ್ಪ ಮಂದ, ಗಟ್ಟಿಯಾಗಿ ಕೂಗಬೇಕು. ನಿನ್ನ ಪದಗಳನ್ನೆಲ್ಲ ಮಕ್ಕಳಿಗೆ ಹೇಳಿಕೊಟ್ಟೆ, ನಿನ್ನ ವಿಷಯವನ್ನೂ ಹೇಳಿದೆ ಎಂದೆ.

“ನನ್ನ ಏನು ಅಂತ ಏಳ್ದೆ?” ಎಂದ ಅಪ್ಪ.

“ಒರಸೋನು ಅಂತ ಹೇಳ್ದೆ ಕಣಪ್ಪ” ಎಂದೆ, ಬೀದಿಗೆಲ್ಲ ಕೇಳುವ ಹಾಗೆ.

“ಚೆಂದಾಗಿ ಒರಸ್ತಿದ್ದ ಅಂತ ಏಳ್ಬೇಕಿತ್ತು ಕಣವ್ವ” ಎಂದ.