ಹತ್ತು ಲಕ್ಷದ ಮೂರು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಸೀಮೆಎಣ್ಣೆ ಸಿಗದ ಆ ಯುದ್ಧದ ಬೇಸಿಗೆಯಲ್ಲಿ ಅಕ್ಕ ನಡುಮನೆಯಲ್ಲಿ ಮಲಗುತ್ತಿದ್ದಳೋ, ಹತ್ತಿ ಒತ್ತಿ ಕಟ್ಟಿದ ಅಂಡಿಗೆಗಳ ಪಕ್ಕದ ಕೋಣೆಯಲ್ಲೋ, ಖಚಿತವಿಲ್ಲ. ನೆನಪಿನಲ್ಲಿ ಅವಳ ಕೆಮ್ಮು ಎರಡೂ ಕಡೆಯಿಂದ ಕೇಳಿಸುತ್ತದೆ. ಅವಳು ಬಳಪದಿಂದ ಲೆಕ್ಕ ಮಾಡುತ್ತಿದ್ದ ಪಾಟಿಯ ಮೇಲಿದ್ದ ಸಂಖ್ಯೆಯ ಬಗ್ಗೆ ಮಾತ್ರ ಅನುಮಾನವಿಲ್ಲ: ಹತ್ತು ಲಕ್ಷದ ಮೂರು.

ನಾನು ಮದರಾಸಿನಲ್ಲಿ ಗಣಿತ ಓದುತ್ತಿದ್ದೆ, ರಜೆಗೆ ಆದೋನಿಗೆ ಬಂದಿದ್ದೆ. ಅಕ್ಕನನ್ನು ಮೂರನೆಯ ತರಗತಿಗೇ ಬಿಡಿಸಿ ಮದುವೆ ಮಾಡಿದ್ದರು. ಗಂಡ ಸತ್ತ ಮೇಲೆ ತವರಿಗೆ ಬಂದವಳಿಗೆ ಈಗ ಕ್ಷಯ. ಒಂದರಿಂದ ಮತ್ತು ತನ್ನಿಂದ ಮಾತ್ರ ಭಾಗವಾಗುವ ಸಂಖ್ಯೆಗಳಿವೆ ಎಂದು ನಾನು ಹೇಳಿದಾಗ, ಪರೀಕ್ಷಿಸಲು ದೊಡ್ಡದೊಂದು ಕೊಡು ಎಂದಳು. ಹತ್ತು ಲಕ್ಷದ ಮೂರನ್ನು ಕೊಟ್ಟೆ. ಉತ್ತರವನ್ನು ನಾನು ಹೇಳಕೂಡದೆಂಬುದು ಅವಳ ಷರತ್ತು.

"ಬಾಯಿ ಬಿಟ್ಟಿ ಅಂದ್ರ ನೋಡು. ಎಲ್ಲಾ ನನಗ ಮಂದಿನೇ ಹೇಳ್ಯಾರ. ಇದೊಂದು ನಾನೇ ನೋಡ್ತೀನಿ."

ಸಾವಿರದೊಳಗಿನ ಅವಿಭಾಜ್ಯಗಳಿಂದ ಭಾಗಿಸಿದರೆ ಸಾಕು, ಸಾವಿರ ಮೀರಿದ ಎರಡು ಸಂಖ್ಯೆ ಗುಣಿಸಿದರೆ ಇದನ್ನು ದಾಟಿಬಿಡುತ್ತದೆ ಎಂದು ತೋರಿಸಿದೆ. ಕಡೆಯದು ಒಂಬೈನೂರ ತೊಂಬತ್ತೇಳು. ನಡುವಿನವನ್ನು ಅವಳೇ ಹುಡುಕಿಕೊಳ್ಳುತ್ತ ಹೋದಳು.

ಏಳರಿಂದ ಭಾಗಿಸಿದಳು, ನಾಲ್ಕು ಉಳಿಯಿತು. ಹನ್ನೊಂದರಿಂದ, ನಾಲ್ಕು. ಹದಿಮೂರರಿಂದಲೂ ನಾಲ್ಕೇ.

"ಏನಬೇ ಇದು, ಬೀಗರು ಬಂದು ಕುಂತಂಗ ಕುಂತೈತಿ. ಹೋಗವಲ್ದು."

ಇದಕ್ಕಿಂತ ನಾಲ್ಕು ಕಡಿಮೆಯಾದ ಸಂಖ್ಯೆ ಬರೀ ಒಂಬತ್ತುಗಳದ್ದು, ಅದನ್ನು ಈ ಮೂರೂ ಪೂರ್ತಿ ಭಾಗಿಸುತ್ತವೆ, ಅದಕ್ಕೇ ನಾಲ್ಕು ಉಳಿಯುತ್ತದೆ ಎಂದೆ. ಹದಿನೇಳರಲ್ಲಿ ಹನ್ನೆರಡು ಉಳಿದಾಗ ಅವಳ ಮುಖ ಸಣ್ಣದಾಯಿತು. ಮೂವತ್ತೇಳರಲ್ಲಿ ನಾಲ್ಕು ಮರಳಿ ಬಂತು. ಕೂಗಿ ಕರೆದು ತೋರಿಸಿದಳು.

ಹತ್ತಿ ವ್ಯಾಪಾರದ ನಮ್ಮ ಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಪಾಟಿಯ ಮೇಲೆ ಲೆಕ್ಕ ಉಳಿಯಬಾರದು. ಉಳಿದರೆ ಮರುದಿನದ ವ್ಯವಹಾರ ಅರ್ಧಕ್ಕೆ ನಿಲ್ಲುತ್ತದೆಂಬ ನಂಬಿಕೆ. ಅಕ್ಕನ ಆರೈಕೆಗೆ ಹೊಳಗುಂದದಿಂದ ಬಂದಿದ್ದ ಸೋದರತ್ತೆ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು. ಅದಕ್ಕೆ ಮೊದಲು ಅಕ್ಕ ಆ ದಿನ ಮುಗಿಸಿದ ಸಂಖ್ಯೆಯನ್ನು ಅವರಿಗೆ ಒಪ್ಪಿಸುತ್ತಿದ್ದಳು.

"ಅತ್ತಿ, ಮುನ್ನೂರಾ ಹದಿಮೂರು. ನೆನಪಿಡ್ರಿ."

"ಎಮ್ಮಿ ಹಿಂಡೀನೋ ಇಲ್ಲೋ ಅನ್ನೋದ ನೆನಪಿಲ್ಲ ನನಗ. ಸರಿ ಲೇ, ಮುನ್ನೂರಾ ಹದಿಮೂರು."

ಬೆಳಿಗ್ಗೆ ಅತ್ತೆ ಅದನ್ನು ಸರಿಯಾಗಿ ಹಿಂತಿರುಗಿಸುತ್ತಿದ್ದರು. ಹಾಗೆಂದು ನನ್ನ ನೆನಪು.

ಮುನ್ನೂರ ಹದಿಮೂರರವರೆಗೆ ನಾನಿದ್ದೆ. ಆಮೇಲೆ ಕಾಲೇಜು ತೆರೆಯಿತು. ಅಕ್ಕ ಹೋದ ಸುದ್ದಿ ತಿಳಿದು ನಾನು ಮನೆ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ಪಾಟಿ ಗೂಡಿನಲ್ಲಿತ್ತು, ಶುಭ್ರವಾಗಿ ಒರೆಸಿತ್ತು. ಹತ್ತು ಲಕ್ಷದ ಮೂರು ಅವಿಭಾಜ್ಯವೆಂದು ನನಗೆ ಮೊದಲೇ ಗೊತ್ತಿತ್ತು. ಅವಳಿಗೆ ಗೊತ್ತಾಯಿತೇ?

ಅತ್ತೆ ಪಡಸಾಲೆಯಲ್ಲಿ ಬತ್ತಿ ಹೊಸೆಯುತ್ತಿದ್ದರು. ಅಂದೂ ಕೇಳಿದೆ, ಆಮೇಲೆ ಹೊಳಗುಂದಕ್ಕೆ ಹೋದಾಗಲೂ ಕೇಳಿದೆ. ಎರಡು ಸಲವೂ ಅವರು ಇನ್ನೊಂದು ಬತ್ತಿಗೆ ಹತ್ತಿ ಹಿಂಜಿಕೊಂಡರು.

"ಅತ್ತಿ, ಕಡೀಗೆ ಆಕಿ ನಿಮಗ ಯಾವ ಸಂಖ್ಯಾ ಒಪ್ಪಿಸಿದ್ಲು? ಒಂಬೈನೂರಾ ತೊಂಬತ್ತೇಳೇನ್ರಿ?"