ಹೂಂ ಬಾರದ ಪದ್ಯ

ಇಂಥ ಅನುಭವಗಳನ್ನು ಯಾರಾದರೂ ಹೇಳಿದರೆ ನಾನು ಎದುರಿಗೇ ನಗುತ್ತಿದ್ದೆ. ಹಳೆಯ ತಾಳೆಗರಿಗಳನ್ನು ನೋಡಿ, ಈ ಪ್ರತಿಯನ್ನು ನಂಬಬಹುದು, ಇದನ್ನು ನಂಬಲಾಗದು ಎಂದು ಹೇಳುವುದು ನನ್ನ ಕೆಲಸ. ಅದಕ್ಕೆ ಅನುಮಾನವೇ ಬಂಡವಾಳ. ಹಾಗಾಗಿ ಈಗ ನೀವು ನನ್ನನ್ನು ನೋಡಿ ನಕ್ಕರೂ ಬೇಸರವಿಲ್ಲ.

ಚಿಂತಾಮಣಿಯ ಮನೆಯಲ್ಲಿ ನಾನು ಮತ್ತು ಅಕ್ಕ ಇಬ್ಬರೇ. ಪ್ರತಿಗಳನ್ನು ಹೋಲಿಸುವಾಗ ನಾನೊಂದನ್ನು ಗಟ್ಟಿಯಾಗಿ ಓದುತ್ತಿದ್ದೆ. ಎದುರಿನ ಚಾಪೆಯಲ್ಲಿ ಅಕ್ಕ ಇನ್ನೊಂದನ್ನು ಹಿಡಿದು, ಸಾಲು ಹೊಂದಿದರೆ "ಹೂಂ" ಎನ್ನುತ್ತಿದ್ದಳು, ಹೊಂದದಿದ್ದರೆ ಸುಮ್ಮನಾಗುತ್ತಿದ್ದಳು. ಗಮನಿಸದೆ ಮುಂದೆ ಹೋದರೆ, "ಎಲ್ಲಿಗೋಡ್ತೀಯಾ, ನಿಂತ್ಕೋಪ್ಪಾ! ರೈಲೇನೂ ಹೊರಟೋಗಲ್ಲ" ಎಂದು ಗದರಿಸುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಗಟ್ಟಿಯಾಗಿ ಓದುವ ಅಭ್ಯಾಸ ಮಾತ್ರ ಉಳಿಯಿತು.

ಮರುವರ್ಷ ಒಂದು ಕಾವ್ಯ ಅಚ್ಚಿಗೆ ಸಿದ್ಧವಾಗಿತ್ತು. ನನ್ನಲ್ಲಿ ಎರಡು ಪ್ರತಿಗಳಿದ್ದವು. ಒಂದರದು ಮುತ್ತು ಪೋಣಿಸಿದಂಥ ಅಕ್ಷರ, ಅದನ್ನೇ ನೆಚ್ಚಿಕೊಂಡಿದ್ದೆ. ಇನ್ನೊಂದನ್ನು ಜಂಗಮಕೋಟೆಯಲ್ಲಿ ರೇಷ್ಮೆಹುಳು ಸಾಕುವ ಸರೋಜಮ್ಮ ತಂದುಕೊಟ್ಟಿದ್ದರು. ಅಲ್ಲಲ್ಲಿ ಹುಳ ತಿಂದಿತ್ತು, ನಡುವಿನ ಕೆಲವು ಗರಿಗಳು ಒಂದಕ್ಕೊಂದು ಅಂಟಿದ್ದವು. ಬಿಡಿಸಿದರೆ ಮುರಿಯುತ್ತವೆಂದು ಹಾಗೇ ಬಿಟ್ಟಿದ್ದೆ.

ಒಂದು ಮಧ್ಯಾಹ್ನ ಚಂದದ ಪ್ರತಿಯನ್ನು ಕೊನೆಯ ಸಲ ಓದುತ್ತಿದ್ದೆ. ಕಿಟಕಿಯಾಚೆ ಅಂಬಾಜಿದುರ್ಗದ ಬೆಟ್ಟ ಬಿಸಿಲಲ್ಲಿ ಕಾಯುತ್ತಿತ್ತು. ಸರೋಜಮ್ಮನವರ ಕಟ್ಟು ಅಕ್ಕನ ಚಾಪೆಯ ಮೇಲಿತ್ತು. ಎಷ್ಟೋ ಪದ್ಯಗಳಾದ ಮೇಲೆ ಅರಿವಾಯಿತು, ಒಂದೊಂದು ಸಾಲಿಗೂ "ಹೂಂ" ಕೇಳಿಸುತ್ತಿದೆ ಎಂದು. ಹೆದರಿಕೆಯಾಗಲಿಲ್ಲ, ಖುಷಿಯಾಯಿತು. ನಿಂತುಹೋದೀತೆಂದು ತಲೆಯೆತ್ತದೆ ಓದಿದೆ.

ಕಾಡುಪಾಲಾದ ಅರಸ ತನ್ನ ಅಕ್ಕನನ್ನು ನೆನೆದು ಅಳುವ ಪದ್ಯ ಬಂತು. ಕಾವ್ಯದಲ್ಲೇ ನನಗೆ ತುಂಬ ಪ್ರಿಯವಾದದ್ದು. ಮುನ್ನುಡಿಯನ್ನೆಲ್ಲ ಅದರ ಮೇಲೇ ಕಟ್ಟಿದ್ದೆ. ಹೂಂ ಬರಲಿಲ್ಲ. ಮತ್ತೆ ಓದಿದೆ. ಬೇಡಿಕೊಳ್ಳುವ ದನಿಯಲ್ಲಿ ಇನ್ನೊಮ್ಮೆ ಓದಿದೆ. ಇಲ್ಲ. ಸೋತು ಮುಂದಿನ ಪದ್ಯಕ್ಕೆ ಹೋದೆ. "ಹೂಂ" ಬಂತು.

ಮರುದಿನ ಸರೋಜಮ್ಮನವರಿಗೆ ಫೋನ್ ಮಾಡಿ, ಆ ಪದ್ಯವಿರಬೇಕಾದ ಅಂಟಿದ ಗರಿಗಳನ್ನು ಬಿಡಿಸಲೇ ಎಂದು ಕೇಳಿದೆ.

"ಮುಟ್ಟಿದ್ರೆ ಮುರೀತದೆ ಅಂತ ನೀವೇ ಅಂದಿದ್ರಲ್ಲ ಸಾರ್, ಈಗೇನಾಯ್ತು?"

"ಒಂದು ಅನುಮಾನ ಬಂದಿದೆ ಕಣಮ್ಮಾ" ಎಂದೆ. "ಆಯ್ತು ಬಿಡಿ, ಜೋಪಾನ" ಎಂದರು.

ಎಣ್ಣೆ ಸವರಿ ಸವರಿ ನಿಧಾನವಾಗಿ ಬಿಡಿಸಿದೆ. ಹಿಂದಿನ ಪದ್ಯವಿತ್ತು, ಮುಂದಿನದೂ ಇತ್ತು. ಅಕ್ಕನ ಪದ್ಯ ಇರಲಿಲ್ಲ. ಆದರೂ ಆ ಪ್ರತಿಯಲ್ಲಿ ಪದ್ಯಗಳ ಸಂಖ್ಯೆ ಎಲ್ಲಿಯೂ ತಪ್ಪಿರಲಿಲ್ಲ. ಚಂದದ ಅಕ್ಷರದವನು ಸೇರಿಸಿದ್ದೆಂದು ಒಪ್ಪಲೇಬೇಕಾಯಿತು. ಅದನ್ನು ತೆಗೆಯುವಾಗ ಅತ್ತುಬಿಟ್ಟೆ.

ನಾನೂ ತೆರೆದು ನೋಡಿರದ ಗರಿಗಳಲ್ಲಿ ಏನಿಲ್ಲವೆಂಬುದು ಆ ಮಧ್ಯಾಹ್ನ ಹೂಂ ಎಂದವರಿಗೆ ಹೇಗೆ ತಿಳಿಯಿತೋ, ಇವತ್ತಿಗೂ ಗೊತ್ತಿಲ್ಲ. ಈಗಲೂ ಗಟ್ಟಿಯಾಗಿಯೇ ಓದುತ್ತೇನೆ. ಒಮ್ಮೊಮ್ಮೆ ಬೇಕೆಂದೇ ಒಂದು ಸಾಲು ಬಿಟ್ಟು ಮುಂದೆ ಓಡುತ್ತೇನೆ. ಯಾರೂ ಗದರಿಸುವುದಿಲ್ಲ.